ಹಸುವಿಗೆ ‘ಎಸ್’ ಹಾಕಿದರೆ ಎರಡು, ಕ್ರಿಯಾಪದಕ್ಕೆ ಹಾಕಿದರೆ ಒಂದು: ಮಗಳಿಗೆ ಹೇಗೆ ಹೇಳಲಿ?

ಒಂಬತ್ತನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸಿನವರೆಗೆ ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದಳು. ಎಂಟರಿಂದ ಇಂಗ್ಲಿಷ್ ಮಾಧ್ಯಮ. ಈಗ ಒಂಬತ್ತು. ಲೆಕ್ಕ, ವಿಜ್ಞಾನ ಪರವಾಗಿಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಮಾತ್ರ ಪುಟದ ತುಂಬ ಕೆಂಪು ಗೆರೆ. ಮೊನ್ನೆ ‘ನಮ್ಮ ಮನೆ’ ಅಂತ ಹತ್ತು ವಾಕ್ಯ ಬರೆದಿದ್ದಳು. ನಾಲ್ಕು ಕಡೆ ಒಂದೇ ಬಗೆಯ ತಪ್ಪು. ಅವಳು ಬರೆದಿದ್ದನ್ನು ಹಾಗೇ ಕೊಡುತ್ತಿದ್ದೇನೆ.

“ಮೈ ಗ್ರ್ಯಾಂಡ್‌ಫಾದರ್ ಹ್ಯಾವ್ ಟೂ ಕೌಸ್.”
“ದಿ ಕೌಸ್ ಗಿವ್ಸ್ ಮಿಲ್ಕ್.”
“ಎವ್ರಿವನ್ ಇನ್ ಅವರ್ ಹೌಸ್ ಡ್ರಿಂಕ್ ಕಾಫಿ.”
“ಮೈ ಬ್ರದರ್ ಡೋಂಟ್ ಲೈಕ್ ಕಾಫಿ.”

ಟೀಚರ್ ಗೆರೆ ಎಳೆದು ಸರಿ ಉತ್ತರ ಬರೆದಿದ್ದಾರೆ. ಕಾರಣ ಬರೆದಿಲ್ಲ. ಒಂದು ಕ್ಲಾಸಿನಲ್ಲಿ ಅರವತ್ತು ಮಕ್ಕಳು, ಅವರಿಗೂ ಕಷ್ಟವೇ. ರಾತ್ರಿ ಮಗಳು ನನ್ನನ್ನು ಕೇಳಿದಳು: “ಅಮ್ಮಾ, ಕೌಗೆ ಎಸ್ ಹಾಕಿದರೆ ಜಾಸ್ತಿ ಹಸು. ಹಾಗಾದರೆ ಜಾಸ್ತಿ ಹಸು ಹಾಲು ಕೊಟ್ಟರೆ ಗಿವ್‌ಗೂ ಎಸ್ ಹಾಕಬೇಕಲ್ವಾ? ಯಾಕೆ ತೆಗೆಯಬೇಕು?” ನನಗೆ ಉತ್ತರ ಗೊತ್ತಾಗಲಿಲ್ಲ. ನಾನೂ ಕನ್ನಡ ಮಾಧ್ಯಮದವಳು. ಸರಿ ಯಾವುದು ಅಂತ ಕಿವಿಗೆ ಗೊತ್ತಾಗುತ್ತದೆ, ಯಾಕೆ ಅಂತ ಹೇಳಲು ಬರುವುದಿಲ್ಲ. ನಿಯಮಗಳ ಪಟ್ಟಿ ಪುಸ್ತಕದಲ್ಲೇ ಇದೆ. ಅದನ್ನು ಅವಳು ಬಾಯಿಪಾಠ ಮಾಡಿದ್ದಾಳೆ. ಬರೆಯುವಾಗ ಅದು ನೆನಪಿಗೆ ಬರುವುದಿಲ್ಲ. ಕನ್ನಡದ ಮಗುವಿಗೆ ಹಿಡಿಸುವ ಹಾಗೆ ಯಾರಾದರೂ ಹೇಳಿಕೊಡುತ್ತೀರಾ?

ನಿವೃತ್ತ ಮೇಷ್ಟ್ರು

ತಾಯೀ, ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಮಕ್ಕಳು ಕಮ್ಮಿ. ಮನಸ್ಸಿನಲ್ಲಿ ಮಾತ್ರ ಎಲ್ಲರಿಗೂ ಇರುತ್ತದೆ.

ಮೊದಲು ಅವಳಿಗೆ ಇಷ್ಟು ಹೇಳಿ. ಆ ಎರಡು ಎಸ್‌ಗಳು ಬೇರೆ ಬೇರೆ. ನೋಡಲು ಒಂದೇ, ಕೆಲಸ ಬೇರೆ. ನಮ್ಮಲ್ಲೂ ಹೀಗೆ ಇದೆ. “ನೀವು ಊಟ ಮಾಡಿ” ಅನ್ನುವಾಗಿನ ‘ಮಾಡಿ’ ಬೇರೆ. “ಊಟ ಮಾಡಿ ಬಂದೆ” ಅನ್ನುವಾಗಿನ ‘ಮಾಡಿ’ ಬೇರೆ. ಅಕ್ಷರ ಒಂದೇ ಅಂತ ನಾವು ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಹಾಗೇ ಕೌಸ್‌ನಲ್ಲಿರುವ ಎಸ್ ಎಣಿಕೆ ಹೇಳುತ್ತದೆ. ಗಿವ್ಸ್‌ನಲ್ಲಿರುವ ಎಸ್ “ಕೊಡುವವನು ಅವನು, ಅವಳು ಅಥವಾ ಅದು, ಅದೂ ಒಬ್ಬರೇ” ಅನ್ನುತ್ತದೆ.

ಆ ಎಸ್ ಎಲ್ಲಿಂದ ಬಂತು ಅಂದರೆ, ಅದು ಒಂದು ಹಳೇ ಮನೆಯಲ್ಲಿ ಉಳಿದ ಕೊನೆಯ ಕಂಬ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾನು, ನೀನು, ಅವನು, ನಾವು ಅಂತ ಕ್ರಿಯಾಪದದ ಕೊನೆ ಬದಲಾಗುತ್ತಿತ್ತು, ನಮ್ಮ ಕನ್ನಡದ ಹಾಗೆ. ಕಾಲ ಕಳೆದಂತೆ ಆ ಕೊನೆಗಳೆಲ್ಲ ಸವೆದು ಹೋದವು. ಈ ಒಂದು ಮಾತ್ರ ಉಳಿಯಿತು. ಅದೂ ಮೊದಲು ಎಸ್ ಆಗಿರಲಿಲ್ಲ. ದಕ್ಷಿಣ ಇಂಗ್ಲೆಂಡಿನವರು ‘ಗಿವೆತ್’ ಅನ್ನುತ್ತಿದ್ದರು, ಉತ್ತರದವರು ‘ಗಿವ್ಸ್’ ಅನ್ನುತ್ತಿದ್ದರು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಇರುವುದು ‘ಎತ್’ ರೂಪವೇ. ಆಮೇಲೆ ಉತ್ತರದವರ ಎಸ್ ಗೆದ್ದಿತು.

ಈಗ ಕನ್ನಡ ನೋಡಿ. ಬರುತ್ತೇನೆ, ಬರುತ್ತೇವೆ, ಬರುತ್ತೀಯ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ. ಒಂಬತ್ತು ರೂಪ! ನಿಮ್ಮ ಮಗಳು ಶಾಲೆಗೆ ಸೇರುವ ಮೊದಲೇ ಈ ಒಂಬತ್ತನ್ನೂ ತಪ್ಪಿಲ್ಲದೆ ಮಾತಾಡುತ್ತಿದ್ದಳು. ಇಂಗ್ಲಿಷ್ ಅವಳ ಹತ್ತಿರ ಕೇಳುತ್ತಿರುವುದು ಎರಡೇ: ಕಮ್, ಕಮ್ಸ್. ಭೂತಕಾಲದಲ್ಲಿ ಅದೂ ಇಲ್ಲ, ಎಲ್ಲರಿಗೂ ‘ಕೇಮ್’. ‘ಬಿ’ ಅನ್ನುವ ಒಂದೇ ಕ್ರಿಯಾಪದ ಮಾತ್ರ ಆಮ್, ಈಸ್, ಆರ್, ವಾಸ್, ವರ್ ಅಂತ ಹಳೇ ವೈಭವ ಇಟ್ಟುಕೊಂಡಿದೆ.

ಮಕ್ಕಳಿಗೆ ಹೇಳುತ್ತಿದ್ದ ಒಂದು ಉಪಾಯ: ಇಬ್ಬರಿಗೆ ಇರುವುದು ಒಂದೇ ಎಸ್. ನಾಮಪದ ತೆಗೆದುಕೊಂಡರೆ ಕ್ರಿಯಾಪದಕ್ಕೆ ಇಲ್ಲ. ಕ್ರಿಯಾಪದ ತೆಗೆದುಕೊಂಡರೆ ನಾಮಪದಕ್ಕೆ ಇಲ್ಲ. ಕೌಸ್ ಗಿವ್, ಕೌ ಗಿವ್ಸ್. ಚಿಲ್ಡ್ರನ್, ಪೀಪಲ್, ಮೆನ್ ಇವಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ‘ಅವರು’ ಅಂತ ಇಟ್ಟು ನೋಡಬೇಕು. ‘ಅವರು’ ಬಂದರೆ ಎಸ್ ಇಲ್ಲ.

ಪುಟ ತಿದ್ದುವವಳು

ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಕೊನೆಯ ಸಾಲಿನಲ್ಲಿ ಒಂದು ಗುಂಡಿ ಇದೆ. ನಾನು ಒಂದು ಪ್ರಕಾಶನದಲ್ಲಿ ಇಂಗ್ಲಿಷ್, ಕನ್ನಡ ಎರಡೂ ಪುಟ ತಿದ್ದುತ್ತೇನೆ. ಆ ಗುಂಡಿಗೆ ಬಿದ್ದವರನ್ನು ದಿನಾ ನೋಡುತ್ತೇನೆ.

ನಮ್ಮ ಮನೆಯ ಮಗು ತಾತನನ್ನು ‘ಅವನು’ ಅನ್ನುತ್ತದೆಯೇ? ಇಲ್ಲ. ‘ಅವರು’ ಅನ್ನುತ್ತದೆ. ತಾತ ಬಂದರು, ತಾತ ಮಲಗಿದ್ದಾರೆ. ಒಬ್ಬರೇ ಆದರೂ ಕ್ರಿಯಾಪದ ಬಹುವಚನ. ಹಾಗಾಗಿ ತಾತನ ಜಾಗದಲ್ಲಿ ‘ಅವರು’ ಇಟ್ಟು ನೋಡಿದರೆ ಇಂಗ್ಲಿಷಿನಲ್ಲಿ ‘ದೇ’ ಬರುತ್ತದೆ, ಅದರ ಹಿಂದೆ ‘ಹ್ಯಾವ್’ ಬರುತ್ತದೆ. ನಿಮ್ಮ ಮಗಳ ಮೊದಲ ವಾಕ್ಯದ ತಪ್ಪು ಅಲ್ಲಿಂದಲೇ ಬಂದಿರಬೇಕು. ಅದು ಅಜ್ಞಾನ ಅಲ್ಲ, ಮರ್ಯಾದೆ.

ಇದನ್ನೇ ಹಿಡಿದು ಅವಳಿಗೆ ಒಂದು ಕಥೆ ಹೇಳಬಹುದು. ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ನೀನು, ನೀವು ಇತ್ತು. ‘ದೌ’ ಅಂದರೆ ನೀನು. ‘ಯೂ’ ಅಂದರೆ ನೀವು. ಮೊದಲು ಹಲವರಿಗೆ ಮಾತ್ರ ಯೂ ಅನ್ನುತ್ತಿದ್ದರು. ಆಮೇಲೆ ದೊಡ್ಡವರಿಗೆ, ಗುರುತಿಲ್ಲದವರಿಗೆ ಮರ್ಯಾದೆ ಕೊಟ್ಟು ಯೂ ಅನ್ನಲು ಶುರು ಮಾಡಿದರು. 17ನೇ ಶತಮಾನದಲ್ಲಿ ‘ದೌ’ ಊರಿನ ದಿನಬಳಕೆಯಿಂದ ಜಾರಿ ಹೋಗುತ್ತ ಬಂತು. ಎಲ್ಲರೂ ಎಲ್ಲರಿಗೂ ನೀವು ಅಂದ ಹಾಗಾಯಿತು. ಅದಕ್ಕೇ ಇವತ್ತು ಒಬ್ಬನೇ ಎದುರಿಗೆ ನಿಂತಿದ್ದರೂ “ಯೂ ಆರ್” ಅನ್ನುತ್ತೇವೆ, “ಯೂ ಈಸ್” ಅನ್ನುವುದಿಲ್ಲ. ಆ ‘ಆರ್’ ನಮ್ಮ “ನೀವು ಇದ್ದೀರಿ” ಅನ್ನುವುದರ ಅಣ್ಣ.

ಆದರೆ ಆ ಮರ್ಯಾದೆ ಎದುರಿಗೆ ಇರುವವರಿಗೆ ಮಾತ್ರ ಸಿಕ್ಕಿತು. ತಾತನ ಬಗ್ಗೆ ಹೇಳುವಾಗ ಇಂಗ್ಲಿಷಿನಲ್ಲಿ ‘ಹಿ’ಯೇ. ಅದರಲ್ಲಿ ಅವಮರ್ಯಾದೆ ಇಲ್ಲ. ನಾನು ಹೊಸಬರಿಗೆ ಹೇಳುವುದು ಇಷ್ಟೇ: ಇಂಗ್ಲಿಷಿನಲ್ಲಿ ತಲೆ ಎಣಿಸಿ, ಗೌರವವನ್ನು ಎಣಿಸಬೇಡಿ.

ಧಾರವಾಡದ ಹುಡುಗ

ಮೇಷ್ಟ್ರು ಹೇಳಿದ ಒಂಬತ್ತು ರೂಪದಲ್ಲಿ ಬೆಂಗಳೂರು ಕಡೆಯವರು ಒಂದನ್ನು ಅರ್ಧ ಬಿಟ್ಟಿದ್ದಾರೆ ಅನ್ನಿಸುತ್ತದೆ ನನಗೆ. ನಮ್ಮ ಕಡೆ “ಒಂದು ಮನಿ ಐತಿ, ಎರಡು ಮನಿ ಅದಾವ” ಅನ್ನುತ್ತೇವೆ. “ಎಮ್ಮಿ ಬಂತು, ಎಮ್ಮಿ ಬಂದಾವ.” ವಸ್ತುವಾಗಲಿ, ದನವಾಗಲಿ, ಒಂದಕ್ಕೆ ಬೇರೆ, ಹಲವಕ್ಕೆ ಬೇರೆ. ನಾನು ಓದಲು ಬೆಂಗಳೂರಿಗೆ ಬಂದಾಗ ಹಾಸ್ಟೆಲ್ಲಿನಲ್ಲಿ “ಎರಡು ಬಕೆಟ್ ಇದೆ”, “ನಾಲ್ಕು ಬಸ್ ಬಂತು” ಅಂತ ಕೇಳಿ ಕಿವಿಗೆ ಒಂಥರಾ ಆಯಿತು. ನನಗೆ ಈಸ್, ಆರ್ ಕಲಿಯುವಾಗ ಕಷ್ಟ ಆಗಲಿಲ್ಲ. ಈಸ್ ಅಂದರೆ ಐತಿ, ಆರ್ ಅಂದರೆ ಅದಾವ. ನಮ್ಮ ಸರ್ ಹಾಗೇ ಹೇಳಿಕೊಟ್ಟಿದ್ದರು.

ಮೈಸೂರಿನ ಓದುಗ

ಧಾರವಾಡದ ಹುಡುಗರೇ, ನೀವು ಹೇಳಿದ್ದು ನಿಜ. ಆದರೆ ಇದನ್ನು ತಪ್ಪು ಅನ್ನಬೇಡಿ. ನಮ್ಮ ಕಡೆ ಮಾತಿನಲ್ಲಿ ವಸ್ತುಗಳಿಗೆ ಏಕವಚನವೇ ರೂಢಿ. “ಹತ್ತು ಪುಸ್ತಕ ಇದೆ.” ಬರೆಯುವಾಗ “ಹತ್ತು ಪುಸ್ತಕಗಳಿವೆ” ಅನ್ನುತ್ತೇವೆ. ಮನುಷ್ಯರ ವಿಷಯ ಬಂದರೆ ನಾವೂ ಬಿಡುವುದಿಲ್ಲ. “ಇಬ್ಬರು ಹುಡುಗರು ಬಂತು” ಅಂತ ಯಾರೂ ಅನ್ನುವುದಿಲ್ಲ. ಹಾಗಾಗಿ ನಮ್ಮ ಕಡೆ ಮಕ್ಕಳ ತಪ್ಪು ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಬಹುದು. “ದಿ ಬಾಯ್ಸ್ ಈಸ್” ಅಂತ ಅಪರೂಪಕ್ಕೆ ಬರೆಯುತ್ತಾರೆ. “ದಿ ಬುಕ್ಸ್ ಈಸ್ ಆನ್ ದಿ ಟೇಬಲ್” ಅಂತ ಪದೇ ಪದೇ ಬರೆಯುತ್ತಾರೆ. ನನ್ನ ಟ್ಯೂಷನ್ ಮಕ್ಕಳಲ್ಲಿ ನೋಡಿದ್ದು ಇದೇ.

ಇನ್ನೊಂದು ಗಮನಿಸಿ. ದುಡ್ಡು, ದೂರ, ಹೊತ್ತು ಬಂದಾಗ ಇಂಗ್ಲಿಷೇ ನಮ್ಮ ದಾರಿಗೆ ಬರುತ್ತದೆ. “ಐನೂರು ರೂಪಾಯಿ ಜಾಸ್ತಿ ಆಯಿತು” ಅನ್ನುವ ಹಾಗೆ “ಫೈವ್ ಹಂಡ್ರೆಡ್ ರುಪೀಸ್ ಈಸ್ ಟೂ ಮಚ್”. “ಹತ್ತು ಕಿಲೋಮೀಟರ್ ದೂರ ಆಗುತ್ತದೆ” ಅನ್ನುವ ಹಾಗೆ “ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್”. ಒಂದೊಂದು ರೂಪಾಯಿ ಎಣಿಸುತ್ತಿಲ್ಲ, ಮೊತ್ತವನ್ನು ಒಂದು ಗಂಟಾಗಿ ನೋಡುತ್ತಿದ್ದೇವೆ. “ಇಡ್ಲಿ ಸಾಂಬಾರ್ ಈಸ್ ಮೈ ಫೇವರಿಟ್ ಬ್ರೇಕ್‌ಫಾಸ್ಟ್” ಅನ್ನುವುದೂ ಹೀಗೆ. ಎರಡು ಪದಾರ್ಥ, ತಟ್ಟೆ ಒಂದು.

ಒಂಬತ್ತನೇ ಕ್ಲಾಸಿನ ಅಮ್ಮ

ಓದುತ್ತ ಕಣ್ಣು ತುಂಬಿ ಬಂತು. ಇಷ್ಟೊಂದು ಜನ ನಮ್ಮ ಮಗುವಿಗಾಗಿ ಬರೆಯುತ್ತಿದ್ದೀರಿ. ತಾತನ ಮರ್ಯಾದೆಯ ಮಾತು ಅವಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ “ನಾನು ಅದಕ್ಕೆ ಬರೆದಿದ್ದಲ್ಲ ಅಮ್ಮಾ” ಅಂದಳು. ಮತ್ತೆ ಯಾಕೆ ಅಂತ ಕೇಳಿದೆ. “ಹಸು ಎರಡು ಅಲ್ವಾ, ಅದಕ್ಕೆ ಹ್ಯಾವ್. ಒಂದು ಹಸು ಇದ್ದಿದ್ದರೆ ಹ್ಯಾಸ್” ಅಂದಳು! ಇದನ್ನು ಹೇಗೆ ತಿದ್ದಲಿ?

ಪುಟ ತಿದ್ದುವವಳು

ಅವಳಿಗೆ ನನ್ನ ಶಾಬಾಶ್ ಹೇಳಿ. ನಾನು ಊಹೆ ಮಾಡಿದ್ದು ತಪ್ಪಾಯಿತು. ಅವಳು ಕೊಟ್ಟ ಕಾರಣ ನನ್ನದಕ್ಕಿಂತ ಆಳವಾಗಿದೆ. ನಿನ್ನೆಯಿಂದ ಅದೇ ತಲೆಯಲ್ಲಿ ಓಡುತ್ತಿದೆ.

ಕನ್ನಡದಲ್ಲಿ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಇಲ್ಲ. ನಾವು “ತಾತನ ಹತ್ತಿರ ಎರಡು ಹಸು ಇವೆ” ಅನ್ನುತ್ತೇವೆ. ಇಲ್ಲಿ ಕರ್ತೃಪದ ಯಾರು? ತಾತ ಅಲ್ಲ. ಹಸು. ‘ಇವೆ’ ಹೊಂದುವುದು ಹಸುವಿಗೆ. ಒಂದು ಹಸು ಇದೆ, ಎರಡು ಹಸು ಇವೆ. ಅವಳು ಕನ್ನಡದ ವ್ಯಾಕರಣವನ್ನು ಸರಿಯಾಗಿ ಹಿಡಿದು ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿದ್ದಾಳೆ. ಇಂಗ್ಲಿಷಿನಲ್ಲಿ ತಾತ ಮುಂದೆ ಬಂದು ಕರ್ತೃವಾಗಿ ಕೂತಿದ್ದಾನೆ, ಹಸು ಹಿಂದೆ ಕರ್ಮವಾಗಿದೆ. ಅದನ್ನು ಯಾರೂ ಅವಳಿಗೆ ಹೇಳಿಲ್ಲ.

ಹಾಗೇ ನಾಲ್ಕನೇ ವಾಕ್ಯ ನೋಡಿ. “ಮೈ ಬ್ರದರ್ ಡೋಂಟ್ ಲೈಕ್ ಕಾಫಿ.” ಕನ್ನಡದಲ್ಲಿ “ಅಣ್ಣನಿಗೆ ಕಾಫಿ ಇಷ್ಟ ಇಲ್ಲ”. ನನಗೆ ಇಷ್ಟ ಇಲ್ಲ, ನಿನಗೆ ಇಷ್ಟ ಇಲ್ಲ, ಅವರಿಗೆ ಇಷ್ಟ ಇಲ್ಲ. ‘ಇಷ್ಟ ಇಲ್ಲ’ ಎಲ್ಲೂ ಅಲುಗಾಡುವುದಿಲ್ಲ. ಅಣ್ಣ ಕರ್ತೃವೇ ಅಲ್ಲ, ಅವನಿಗೆ ‘ಇಗೆ’ ಹತ್ತಿ ಚತುರ್ಥಿಯಾಗಿದ್ದಾನೆ. ಬೇಕು, ಬೇಡ, ಗೊತ್ತು ಎಲ್ಲವೂ ಹೀಗೇ. ಅಂದರೆ ವಾಂಟ್, ನೀಡ್, ನೋ, ಲೈಕ್, ಹ್ಯಾವ್ ಈ ಐದರ ಹಿಂದೆ ಕನ್ನಡದಲ್ಲಿ ಬದಲಾಗುವ ಕ್ರಿಯಾಪದ ಸಿಗುವುದಿಲ್ಲ, ಸಿಕ್ಕರೂ ಬೇರೆಯದಕ್ಕೆ ಹೊಂದಿರುತ್ತದೆ. ನಾನು ತಿದ್ದುವ ಪುಟಗಳಲ್ಲಿ “ಹಿ ವಾಂಟ್”, “ಶಿ ನೋ”, “ಹಿ ಹ್ಯಾವ್” ಜಾಸ್ತಿ. “ಹಿ ಕಮ್”, “ಶಿ ಈಟ್” ಅಷ್ಟು ಕಾಣುವುದಿಲ್ಲ. ಇಷ್ಟು ವರ್ಷ ನೋಡಿಯೂ ಕಾರಣ ಹೊಳೆದಿರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ತೋರಿಸಿಕೊಟ್ಟಳು.

ನಿವೃತ್ತ ಮೇಷ್ಟ್ರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ‘ಡೋಂಟ್’ ವಿಷಯ. ಕನ್ನಡದ ‘ಇಲ್ಲ’ ಸೇರಿದ ಕೂಡಲೇ ಕ್ರಿಯಾಪದದ ಒಂಬತ್ತು ರೂಪಗಳೂ ಮಾಯ. ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ. ಎಲ್ಲರಿಗೂ ಒಂದೇ. ಹಾಗಾಗಿ “ಹಿ ಕಮ್ಸ್” ಸರಿಯಾಗಿ ಬರೆದ ಹುಡುಗನೇ ಮುಂದಿನ ಸಾಲಿನಲ್ಲಿ “ಹಿ ಡೋಂಟ್ ಕಮ್” ಬರೆಯುತ್ತಾನೆ. ಅವನು ಅಜಾಗರೂಕ ಅಂತ ನಾನು ಎಷ್ಟೋ ಸಲ ಬೈದಿದ್ದೇನೆ. ಬೈಯಬಾರದಿತ್ತು.

ಒಂದೇ ಎಸ್ ಅನ್ನುವ ಉಪಾಯ ಇಲ್ಲೂ ನಡೆಯುತ್ತದೆ. ‘ಡಸ್’ ಬಂದರೆ ಎಸ್ಸನ್ನು ಅದೇ ಎತ್ತಿಕೊಳ್ಳುತ್ತದೆ. ಹಿ ಡಸಂಟ್ ಕಮ್. ಡಸ್ ಶಿ ಲೈಕ್? ‘ಡಸ್ ಶಿ ಲೈಕ್ಸ್’ ಅಂದರೆ ಎರಡು ಸಲ ಕೊಟ್ಟ ಹಾಗೆ.

ಬ್ಯಾಂಕ್ ಪರೀಕ್ಷೆ ತಯಾರಿ

ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಉದ್ದ ಉದ್ದ ಕರ್ತೃಪದ ಬಂದರೆ ನಾನು ಬೀಳುತ್ತೇನೆ. “ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಆರ್ ಗುಡ್.” ಓದುವಾಗ ಮ್ಯಾಂಗೋಸ್ ಆರ್ ಅಂತ ಸರಿಯಾಗೇ ಕೇಳಿಸುತ್ತದೆ. “ಒನ್ ಆಫ್ ಮೈ ಫ್ರೆಂಡ್ಸ್” ಆದಮೇಲೂ ಹೀಗೇ. ಸಮಯ ಕಮ್ಮಿ. ಬೇಗ ಗೊತ್ತಾಗುವ ದಾರಿ ಇದೆಯಾ?

ನಿವೃತ್ತ ಮೇಷ್ಟ್ರು

ಇದೆ. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ. “ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿದೆ.” ಈಗ ಕ್ರಿಯಾಪದದ ಪಕ್ಕದಲ್ಲಿ ಯಾರು ಕೂತಿದ್ದಾರೆ? ಗುಣಮಟ್ಟ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು, ಯಜಮಾನ ಕೊನೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಯಜಮಾನ ಮೊದಲು, ‘ಆಫ್’ ಹಿಡಿದು ಬಂದ ಪರಿವಾರ ಆಮೇಲೆ. ಆ ಪರಿವಾರದ ಕೊನೆಯವನು ಕ್ರಿಯಾಪದದ ಪಕ್ಕ ನಿಂತು ನಮ್ಮನ್ನು ಮೋಸ ಮಾಡುತ್ತಾನೆ.

ವಿಭಕ್ತಿ ನೋಡಿದರೂ ಗೊತ್ತಾಗುತ್ತದೆ. ‘ಮಾವಿನಹಣ್ಣುಗಳ’ ಅನ್ನುವುದರಲ್ಲಿ ಷಷ್ಠಿ ಪ್ರತ್ಯಯ ಇದೆ. ಅದು ಕರ್ತೃವಲ್ಲ. ‘ಗುಣಮಟ್ಟ’ ಬರಿ ಮೈಯಲ್ಲಿ ನಿಂತಿದೆ. ಅದೇ ಕರ್ತೃ. “ನನ್ನ ಗೆಳೆಯರಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿದ್ದಾನೆ.” ಗೆಳೆಯರಿಗೆ ‘ಅಲ್ಲಿ’ ಹತ್ತಿದೆ. ಒಬ್ಬ ಅನ್ನುವುದಕ್ಕೆ ಏನೂ ಹತ್ತಿಲ್ಲ. ಹಾಗಾಗಿ “ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಇನ್ ಹುಬ್ಬಳ್ಳಿ”. ‘ಆಫ್’ ಆದಮೇಲೆ ಫ್ರೆಂಡ್ಸ್ ಬಹುವಚನವೇ ಇರಬೇಕು ಅನ್ನುವುದೂ ‘ಗೆಳೆಯರಲ್ಲಿ’ ಅನ್ನುವ ಪದದಲ್ಲೇ ಸಿಕ್ಕಿತು ನೋಡಿ. “ಒನ್ ಆಫ್ ಮೈ ಫ್ರೆಂಡ್” ಅಂತ ಬರೆಯುವವರು “ಗೆಳೆಯನಲ್ಲಿ ಒಬ್ಬ” ಅಂದ ಹಾಗಾಗುತ್ತದೆ.

‘ಅಲಾಂಗ್ ವಿತ್’, ‘ಟುಗೆದರ್ ವಿತ್’ ಬಂದರೆ “ಜೊತೆ” ಅಂತ ಓದಿ. “ಮಗಳು ಗೆಳತಿಯರ ಜೊತೆ ಬಂದಳು.” ಬಂದರು ಅಲ್ಲ, ಬಂದಳು. ಇಂಗ್ಲಿಷಿನಲ್ಲೂ ಜೊತೆಗೆ ಬಂದವರನ್ನು ಎಣಿಸುವುದಿಲ್ಲ.

“ಎ ನಂಬರ್ ಆಫ್” ಮತ್ತು “ದಿ ನಂಬರ್ ಆಫ್” ಇವೂ ಕನ್ನಡದಲ್ಲಿ ಬಿಡಿಸಿಕೊಳ್ಳುತ್ತವೆ. ಮೊದಲನೆಯದು “ಹಲವು ವಿದ್ಯಾರ್ಥಿಗಳು ಬಂದಿದ್ದಾರೆ”, ಆರ್, ಹ್ಯಾವ್. ಎರಡನೆಯದು “ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಾಗಿದೆ”, ಈಸ್, ಹ್ಯಾಸ್.

ಒಂದು ಕಡೆ ಮಾತ್ರ ಈ ದಾರಿ ಕೈಕೊಡುತ್ತದೆ. “ಶಿ ಈಸ್ ಒನ್ ಆಫ್ ದಿ ಗರ್ಲ್ಸ್ ಹೂ ಸ್ಟಡಿ ವೆಲ್.” ಕನ್ನಡದಲ್ಲಿ “ಚೆನ್ನಾಗಿ ಓದುವ ಹುಡುಗಿಯರಲ್ಲಿ ಒಬ್ಬಳು”. ಈ ‘ಓದುವ’ ಇದೆಯಲ್ಲ, ಇದು ಲಿಂಗ, ವಚನ ಯಾವುದನ್ನೂ ಹೇಳುವುದಿಲ್ಲ. ಓದುವ ಹುಡುಗಿ, ಓದುವ ಹುಡುಗಿಯರು. ಇಲ್ಲಿ ಸುಳಿವು ಸಿಗುವುದಿಲ್ಲ. ಓದುವವರು ಯಾರು ಅಂತ ನೀವೇ ಕೇಳಿಕೊಳ್ಳಬೇಕು. ಹುಡುಗಿಯರು. ಅದಕ್ಕೆ ಸ್ಟಡಿ.

ಬ್ಯಾಂಕ್ ಪರೀಕ್ಷೆ ತಯಾರಿ

ಸರ್, ಕೋಚಿಂಗ್‌ನಲ್ಲಿ ನಲವತ್ತು ನಿಯಮ ಬರೆಸಿದ್ದರು. ಷಷ್ಠಿ ವಿಭಕ್ತಿ ಒಂದರಲ್ಲೇ ಅರ್ಧ ಮುಗಿಯಿತು. ಹಳೇ ಪ್ರಶ್ನೆಪತ್ರಿಕೆ ತೆಗೆದು ಇಪ್ಪತ್ತು ವಾಕ್ಯ ಈಗಲೇ ಮಾಡಿದೆ. ಎರಡೇ ತಪ್ಪಾದವು. ಎರಡೂ “ಐದರ್, ಆರ್” (ಇದು ಇಲ್ಲವೇ ಅದು) ಇದ್ದ ವಾಕ್ಯಗಳು.

ಪುಟ ತಿದ್ದುವವಳು

ಅದರಲ್ಲಿ ಹತ್ತಿರ ಇರುವವರಿಗೆ ಹೊಂದಿಸಿ, ಅಷ್ಟೇ. “ಐದರ್ ಮೈ ಬ್ರದರ್ ಆರ್ ಮೈ ಸಿಸ್ಟರ್ಸ್ ಆರ್ ಕಮಿಂಗ್.” ಪರೀಕ್ಷೆಯಲ್ಲಿ ಹೀಗೆ. ನೀವೇ ಬರೆಯುವಾಗ ಬಹುವಚನವನ್ನು ಎರಡನೆಯದಾಗಿ ಇಡಿ, ಕಿವಿಗೂ ಹಿತವಾಗಿರುತ್ತದೆ.

ಎವ್ರಿವನ್ ಬಗ್ಗೆ ಯಾರೂ ಹೇಳಿಲ್ಲ, ಮಗುವಿನ ಮೂರನೇ ವಾಕ್ಯ. ನಾವು ಅದನ್ನು ‘ಎಲ್ಲರೂ’ ಅಂತ ಕಲಿಯುತ್ತೇವೆ. ಅದೇ ತೊಂದರೆ. ಎಲ್ಲರೂ ಅಂದ ಮೇಲೆ ‘ಕುಡಿಯುತ್ತಾರೆ’ಯೇ ಬರಬೇಕು. ಅದನ್ನು ‘ಪ್ರತಿಯೊಬ್ಬ’ ಅಂತ ಕಲಿಸಿ. ಪ್ರತಿ, ಒಬ್ಬ. ಎವ್ರಿ, ಒನ್. ಎರಡು ಭಾಷೆಯಲ್ಲೂ ಆ ‘ಒಬ್ಬ’ ಪದದ ಒಳಗೇ ಕೂತಿದ್ದಾನೆ. ಪ್ರತಿಯೊಬ್ಬನೂ ಕುಡಿಯುತ್ತಾನೆ, ಎವ್ರಿವನ್ ಡ್ರಿಂಕ್ಸ್. ‘ಎಲ್ಲರೂ’ ಅನ್ನುವುದನ್ನು ‘ಆಲ್’ಗೆ ಇಟ್ಟುಕೊಳ್ಳಿ. ಆಲ್ ಆಫ್ ಅಸ್ ಡ್ರಿಂಕ್.

ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಿಂದ ಓದುತ್ತಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಟಿವಿಯಲ್ಲಿ “ಇಂಗ್ಲೆಂಡ್ ಆರ್ 120 ಫಾರ್ 3” ಅಂತ ಕೇಳಿ ಬೆಚ್ಚಿದ್ದೆ. ದೇಶ ಒಂದೇ ತಾನೆ, ‘ಆರ್’ ಯಾಕೆ? ಇಲ್ಲಿನವರಿಗೆ ತಂಡ ಅಂದರೆ ಹನ್ನೊಂದು ಜನ. “ದಿ ಟೀಮ್ ಆರ್”, “ದಿ ಫ್ಯಾಮಿಲಿ ಆರ್” ಎಲ್ಲ ಸಹಜ. ಅಮೆರಿಕದಲ್ಲಿರುವ ನನ್ನ ತಂಗಿ “ದಿ ಟೀಮ್ ಈಸ್” ಬಿಟ್ಟು ಬೇರೆ ಬರೆದರೆ ಅವಳ ಆಫೀಸಿನಲ್ಲಿ ತಿದ್ದುತ್ತಾರೆ. ಮಗುವಿಗೆ ಸದ್ಯ ‘ಈಸ್’ ಸಾಕು. ಎಲ್ಲೂ ತಪ್ಪಾಗುವುದಿಲ್ಲ. ‘ಪೊಲೀಸ್’ ಮಾತ್ರ ಎರಡೂ ಕಡೆ ‘ಆರ್’. ನಮ್ಮ ಪೊಲೀಸರು ಬಂದರು ಅನ್ನುವ ಹಾಗೆ. ‘ಪೀಪಲ್’ ಕೂಡ ನಮ್ಮ ‘ಜನ’ದ ತರಹ. ಗಳು, ಅರು ಏನೂ ಹತ್ತಿಸದೆ “ಜನ ಬಂದರು” ಅನ್ನುತ್ತೇವಲ್ಲ.

ಅಮೆರಿಕದವರ ದೇಶದ ಹೆಸರೇ ಬಹುವಚನ, ಆದರೆ ಈಗ “ದಿ ಯುನೈಟೆಡ್ ಸ್ಟೇಟ್ಸ್ ಈಸ್”. ಹಿಂದೆ ಹಾಗಿರಲಿಲ್ಲ. ಅವರ ಸಂವಿಧಾನದಲ್ಲಿ ದೇಶದ್ರೋಹದ ಮಾತು ಬಂದಾಗ ಯುನೈಟೆಡ್ ಸ್ಟೇಟ್ಸ್‌ಗೆ ‘ದೆಮ್’ ಅಂತ ಇದೆ. ಗುಲಾಮಗಿರಿ ನಿಲ್ಲಿಸಿದ 1865ರ 13ನೇ ತಿದ್ದುಪಡಿಯಲ್ಲೂ ‘ದೇರ್’ (ಅವುಗಳ) ಅಂತ ಇದೆ. ರಾಜ್ಯಗಳ ಗುಂಪು ಅನ್ನುವ ಭಾವನೆ ಹೋಗಿ ಒಂದೇ ದೇಶ ಅನ್ನುವ ಭಾವನೆ ಬೆಳೆದಂತೆ ಕ್ರಿಯಾಪದವೂ ಬದಲಾಯಿತು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಭಾಷಾಶಾಸ್ತ್ರ ಎಂಎ

ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನಲ್ಲೇ ನಾರ್ಫೋಕ್ ಕಡೆಯ ಹಳ್ಳಿ ಮಾತಿನಲ್ಲಿ ಈ ಎಸ್ ಇಲ್ಲ. “ಶಿ ಗೋ”, “ಹಿ ಲೈಕ್” ಅಂತಲೇ ಅನ್ನುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನಲು ಆಗುತ್ತದೆಯೇ? ಶಾಲೆಯ ಇಂಗ್ಲಿಷ್ ಒಂದು ಕಡೆಯ ರೂಢಿ, ಅಷ್ಟೇ. ಹಾಗಿರುವಾಗ ನಮ್ಮ ಮಕ್ಕಳನ್ನು ಇದೊಂದು ಅಕ್ಷರಕ್ಕೆ ದಡ್ಡರು ಅನ್ನುವುದು ನನಗೆ ಸಂಕಟ ಕೊಡುತ್ತದೆ.

ಮೈಸೂರಿನ ಓದುಗ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಕಲಿಸದೆ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ನನ್ನ ಮೊದಲ ಕೆಲಸದ ಇಂಟರ್ವ್ಯೂನಲ್ಲಿ “ಮೈ ಪೇರೆಂಟ್ಸ್ ಲಿವ್ಸ್ ಇನ್ ಎ ವಿಲೇಜ್” ಅಂದೆ. ಎದುರಿಗೆ ಕೂತಿದ್ದ ಒಬ್ಬರು ಪಕ್ಕದವರ ಮುಖ ನೋಡಿ ನಕ್ಕರು. ಆಮೇಲೆ ನನಗೆ ಬಾಯಿಯೇ ಬರಲಿಲ್ಲ. ಗೊತ್ತಿದ್ದ ಉತ್ತರಗಳನ್ನೂ ನುಂಗಿಕೊಂಡೆ. ಅವರು ನಕ್ಕಿದ್ದು ತಪ್ಪು. ಆದರೆ ಅಂಥವರ ಎದುರು ನಮ್ಮ ಮಕ್ಕಳು ಕೂರಬೇಕಾಗುತ್ತದೆ. ಆ ಒಂದು ಅಕ್ಷರ ಅವರ ಕೈಯಲ್ಲಿ ಇರಲಿ.

ಭಾಷಾಶಾಸ್ತ್ರ ಎಂಎ

ಒಪ್ಪುತ್ತೇನೆ ಸರ್. ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಈ ಅಮ್ಮ ಮಾಡಿದ ಹಾಗೆ, ತಪ್ಪು ಯಾಕೆ ಬಂತು ಅಂತ ಮಗುವನ್ನೇ ಕೇಳಿ ಆಮೇಲೆ ಕಲಿಸಬೇಕು ಅನ್ನುತ್ತಿದ್ದೇನೆ.

ಕಲಿಸುವಾಗ ಇನ್ನೊಂದು ಎಚ್ಚರ. ಪುಸ್ತಕದಲ್ಲಿ “ಥರ್ಡ್ ಪರ್ಸನ್ ಸಿಂಗ್ಯುಲರ್” ಅಂತ ಇರುತ್ತದೆ. ಕನ್ನಡ ವ್ಯಾಕರಣದಲ್ಲಿ ಅವನು, ಅವಳು, ಅದು ಇವನ್ನು ‘ಪ್ರಥಮ ಪುರುಷ’ ಅನ್ನುತ್ತೇವೆ. ನಾನು ಅನ್ನುವುದು ‘ಉತ್ತಮ ಪುರುಷ’. ಇಂಗ್ಲಿಷಿನಲ್ಲಿ ಫಸ್ಟ್ ಪರ್ಸನ್ ಅಂದರೆ ‘ಐ’. ಪ್ರಥಮ ಅಂದರೆ ಫಸ್ಟ್ ಅಂತ ತಿಳಿದ ಮಗು ‘ಐ ಗೋಸ್’ ಬರೆದರೆ ಆಶ್ಚರ್ಯ ಇಲ್ಲ. ನಾನೇ ಹೈಸ್ಕೂಲಿನಲ್ಲಿ ಒಂದು ವರ್ಷ ಹೀಗೆ ತಲೆಕೆಳಗು ಮಾಡಿಕೊಂಡಿದ್ದೆ. ಆ ಹೆಸರುಗಳನ್ನೇ ಬಿಟ್ಟು ಅವನು, ಅವಳು, ಅದು ಅಂತ ಹೇಳಿ ಸಾಕು.

ಧಾರವಾಡದ ಹುಡುಗ

ಇದು ನನಗೂ ಆಗಿತ್ತು! ಕನ್ನಡ ಪರೀಕ್ಷೆಯಲ್ಲಿ ‘ನಾನು’ ಯಾವ ಪುರುಷ ಅಂತ ಕೇಳಿದ್ದಕ್ಕೆ ಇಂಗ್ಲಿಷ್ ನೆನಪಿನಲ್ಲಿ ಪ್ರಥಮ ಅಂತ ಬರೆದು ಒಂದು ಮಾರ್ಕ್ಸ್ ಹೋಯಿತು.

ಹಾಗೇ ಕತ್ತರಿ, ಕನ್ನಡಕದ ಬಗ್ಗೆ ಯಾರಾದರೂ ಹೇಳಿಬಿಡಿ. ನನ್ನ ತಮ್ಮ “ವೇರ್ ಈಸ್ ದಿ ಸಿಸರ್ಸ್” ಅನ್ನುತ್ತಾನೆ.

ಪುಟ ತಿದ್ದುವವಳು

ಕತ್ತರಿಗೆ ಎರಡು ಅಲಗು, ಕನ್ನಡಕಕ್ಕೆ ಎರಡು ಗಾಜು, ಪ್ಯಾಂಟಿಗೆ ಎರಡು ಕಾಲು. ಅವಕ್ಕೆಲ್ಲ ‘ಆರ್’. ‘ಎ ಪೇರ್ ಆಫ್’ ಸೇರಿದರೆ ಜೋಡಿ ಒಂದಾಯಿತು, ‘ಈಸ್’. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಇವುಗಳ ಕೊನೆಯ ಎಸ್ ನೋಡಿ ಹೆದರಬೇಡಿ, ‘ಈಸ್’. ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಅಡ್ವೈಸ್’ ಇವಕ್ಕೆ ಎಸ್ ಹಚ್ಚಲೇಬೇಡಿ. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು ಅನ್ನುತ್ತೇವೆ ಅಂತ ಕೈ ಜಾರುತ್ತದೆ.

ಒಂಬತ್ತನೇ ಕ್ಲಾಸಿನ ಅಮ್ಮ

ಒಂದು ವಾರ ಬಿಟ್ಟು ಬರುತ್ತಿದ್ದೇನೆ. ದಿನಾ ರಾತ್ರಿ ಊಟ ಆದಮೇಲೆ ಐದು ವಾಕ್ಯ ಬರೆಯುತ್ತೇವೆ. ಅವಳು ಬರೆಯುತ್ತಾಳೆ, ನಾನೂ ಬರೆಯುತ್ತೇನೆ. ಅದಲು ಬದಲು ಮಾಡಿ ತಿದ್ದುತ್ತೇವೆ. ಪ್ರತಿ ವಾಕ್ಯದಲ್ಲೂ ‘ಯಜಮಾನ ಯಾರು’ ಅಂತ ಅವಳು ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತಾಳೆ. ನಿನ್ನೆ ಬರೆದದ್ದು: “ಮೈ ಗ್ರ್ಯಾಂಡ್‌ಫಾದರ್ ಹ್ಯಾಸ್ ಟೂ ಕೌಸ್. ದಿ ಕಲರ್ ಆಫ್ ದಿ ಕೌಸ್ ಈಸ್ ಬ್ರೌನ್. ಎವ್ರಿವನ್ ಲೈಕ್ಸ್ ದೆಮ್.” ಗ್ರ್ಯಾಂಡ್‌ಫಾದರ್, ಕಲರ್, ಎವ್ರಿವನ್, ಮೂರಕ್ಕೂ ಸುತ್ತು ಸರಿಯಾಗಿ ಬಿದ್ದಿತ್ತು.

ಮೇಷ್ಟ್ರೇ, ಈಗ ಅವಳ ಹೊಸ ಪ್ರಶ್ನೆ. “ದಿ ಕೌ ಗಿವ್ಸ್” ಸರಿ. “ದಿ ಕೌ ವಿಲ್ ಗಿವ್” ಅಂದಾಗ ಎಸ್ ಎಲ್ಲಿಗೆ ಹೋಯಿತು? ‘ಡಸ್’ ಎತ್ತಿಕೊಂಡ ಹಾಗೆ ‘ವಿಲ್’ ಯಾಕೆ ‘ವಿಲ್ಸ್’ ಆಗಲಿಲ್ಲ?

ನಿವೃತ್ತ ಮೇಷ್ಟ್ರು

ವಿಲ್, ಕ್ಯಾನ್, ಮೇ, ಮಸ್ಟ್, ಶುಡ್ ಇವು ಎಸ್ ಮುಟ್ಟುವುದಿಲ್ಲ. ಇವುಗಳ ಹಿಂದೆ ಬರುವ ಕ್ರಿಯಾಪದವೂ ಮುಟ್ಟುವುದಿಲ್ಲ. ಕಾರಣಕ್ಕೆ ದೂರ ಹೋಗಬೇಕಿಲ್ಲ. ಅವಳಿಗೆ ಹೀಗೆ ಕೇಳಿ: “ನಾನು ಬರಬಹುದು, ಅವಳು ಬರಬಹುದು, ಅವು ಬರಬಹುದು. ಈ ‘ಬಹುದು’ ಯಾಕೆ ಬದಲಾಗಲಿಲ್ಲ?” ನಮ್ಮಲ್ಲೂ ಅಂಥ ಪದಗಳಿವೆ. ಎಷ್ಟು ಸಿಗುತ್ತವೆ, ಹುಡುಕಿ ಬರೆಯಲು ಹೇಳಿ.

ಒಂಬತ್ತನೇ ಕ್ಲಾಸಿನ ಅಮ್ಮ

ಪಕ್ಕದಲ್ಲೇ ಕೂತು ಬರೆಯುತ್ತಿದ್ದಾಳೆ. ಬಹುದು, ಬೇಕು, ಬೇಡ, ಇಲ್ಲ, ಸಾಕು, ಗೊತ್ತು. ಆರು ಆಯಿತು. “ಬಾರದು ಸೇರಿಸಲಾ ಅಮ್ಮಾ” ಅಂತ ಕೇಳುತ್ತಿದ್ದಾಳೆ. ಸೇರಿಸಬಹುದಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು

ಸೇರಿಸಲಿ. ‘ಕೂಡದು’ ಕೂಡ ಇದೆ ಅಂತ ಹೇಳಿ.